ಮಾಸ್ಕ್ ವಿನಾಯಿತಿ ಬ್ಯಾಡ್ಜ್ ಸೆಟ್: ಬಸ್ಸಿಗೆ ಇರಲಿ, ತರಗತಿಗೆ ಬೇಡ

ಆನ್‌ಲೈನ್‌ನಲ್ಲಿ ಮಾಸ್ಕ್ ಹಾಕಲಾಗದವರು ಅದನ್ನು ಇತರರಿಗೆ ತಿಳಿಸಲು ಧರಿಸುವ ಮಾಸ್ಕ್ ವಿನಾಯಿತಿ ಸೆಟ್ ಅಂತ ಒಂದು ಸಾಮಾನು ಸಿಗುತ್ತದೆ. ಕೊರೊನಾಕ್ಕೆ ಮಾಸ್ಕ್ ಕಡ್ಡಾಯವಾಗಿದ್ದಾಗ, ಮಗಳಿಗಾಗಿ 2021ರ ಸೆಪ್ಟೆಂಬರ್‌ನಲ್ಲಿ ತರಿಸಿದೆ. 249 ರೂಪಾಯಿ. ಕವರಿನೊಳಗೆ ಹಳದಿ ಹೂವಿನ ಚಿತ್ರವಿರುವ ಹಸಿರು ಟ್ಯಾಗ್ (ಕೊರಳಿಗೆ ಹಾಕುವ ಪಟ್ಟಿ), ಒಂದು ಪ್ಲಾಸ್ಟಿಕ್ ಹೋಲ್ಡರ್, ಎರಡು ಕಾರ್ಡು, ಪಿನ್ ಇರುವ ಒಂದು ದುಂಡನೆ ಬ್ಯಾಡ್ಜು. ಇಷ್ಟೇ. ಕಂಪನಿ ಹೆಸರು ಎಲ್ಲೂ ಇಲ್ಲ. ಮೊದಲು ನಮ್ಮ ಶಿವಮೊಗ್ಗದಲ್ಲೇ ಹುಡುಕಿದ್ದೆ. ಗಾಂಧಿ ಬಜಾರ್, ನೆಹರು ರಸ್ತೆ, ಎಲ್ಲಿ ಕೇಳಿದರೂ ಇಂಥದ್ದೊಂದು ಇದೆ ಎಂದೇ ಅಂಗಡಿಯವರಿಗೆ ಗೊತ್ತಿರಲಿಲ್ಲ. ನನ್ನ ಹಾಗೆ ಹುಡುಕುತ್ತಿರುವ ತಂದೆ ತಾಯಿ ಇನ್ನೂ ಇರಬಹುದು. ಅವರಿಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಾನು ವಿನೋಬನಗರದಲ್ಲಿ ಬಟ್ಟೆ ಹೊಲಿಯುತ್ತೇನೆ. 2020ರಲ್ಲಿ ಲಾಕ್‌ಡೌನ್ ಆದಾಗ ನಮ್ಮ ಸ್ತ್ರೀಶಕ್ತಿ ಸಂಘದವರೆಲ್ಲ ಸೇರಿ ಮೂರು ಪದರದ ಮಾಸ್ಕ್ ಹೊಲಿದು ಕೊಟ್ಟಿದ್ದೇವೆ. ಹಾಗಾಗಿ ಮಾಸ್ಕ್ ಬೇಡ ಅನ್ನುವ ಗುಂಪಿನವಳು ನಾನಲ್ಲ. ಎರಡನೇ ಅಲೆಯಲ್ಲಿ ನಮ್ಮ ಮಾವನವರನ್ನು ಕಳೆದುಕೊಂಡೆವು. ಮನೆಯಲ್ಲಿ ಮಗಳನ್ನು ಬಿಟ್ಟು ಎಲ್ಲರೂ ಮಾಸ್ಕ್ ಹಾಕುತ್ತಿದ್ದೆವು. ಅವಳಿಗೆ ಹಾಕಿಕೊಳ್ಳಲು ಆಗುವುದಿಲ್ಲ ಎಂಬ ಕಾರಣಕ್ಕೇ ನಾವು ಇನ್ನೂ ಜಾಸ್ತಿ ಹುಷಾರಾಗಿದ್ದೆವು.

ಮೊದಲು ಸಾಮಾನಿನ ಗುಣಮಟ್ಟ ಹೇಳುತ್ತೇನೆ. ಟ್ಯಾಗ್ ಪಾಲಿಯೆಸ್ಟರ್ ಸ್ಯಾಟಿನ್. ಅಂಚನ್ನು ಬಿಸಿ ಬ್ಲೇಡಿನಲ್ಲಿ ಕತ್ತರಿಸಿದ್ದಾರೆ, ಮಡಿಸಿ ಹೊಲಿದಿಲ್ಲ. ಬೆರಳಾಡಿಸಿದರೆ ಗಟ್ಟಿಯಾಗಿ ಚುಚ್ಚುತ್ತದೆ. ದೊಡ್ಡವರ ಅಂಗಿ ಕಾಲರಿನ ಮೇಲಾದರೆ ನಡೆಯುತ್ತದೆ. ಮಗುವಿನ ಬರಿ ಕತ್ತಿಗೆ ಅದು ಉಜ್ಜಿದರೆ ಸಂಜೆಯೊಳಗೆ ಕೆಂಪು ಗೆರೆ ಬೀಳುತ್ತದೆ. ಕೊಕ್ಕೆ ಕಬ್ಬಿಣದ್ದು, ಮೇಲೆ ತೆಳ್ಳಗೆ ಬಿಳಿ ಲೇಪ. ಮಲೆನಾಡಿನ ಮಳೆಗಾಲದ ಥಂಡಿಗೆ ಅದು ಬೇಗನೆ ತುಕ್ಕು ಹಿಡಿಯಿತು, ಯೂನಿಫಾರ್ಮಿನ ಬಿಳಿ ಶರ್ಟಿಗೂ ಕಲೆ ಬಿತ್ತು. ಹೋಲ್ಡರಿನ ಬಾಯಿ ಮುಚ್ಚುವುದಿಲ್ಲ. ಮಳೆ ನೀರು ಒಳಗೆ ಹೋಗಿ ಕಾರ್ಡು ಉಬ್ಬಿತು.

ಇವೆಲ್ಲ ಸಣ್ಣ ದೋಷ. ದೊಡ್ಡದು ಬೇರೆ ಇದೆ. ಕತ್ತಿನ ಹಿಂದೆ, ಎಳೆದರೆ ತಾನಾಗಿ ಬಿಟ್ಟುಕೊಳ್ಳುವ ಕ್ಲಿಪ್ ಇರಬೇಕು. ಈ ಟ್ಯಾಗಿಗೆ ಅದಿಲ್ಲ. ಮಕ್ಕಳು ಓಡುತ್ತಾರೆ, ಒಬ್ಬರನ್ನೊಬ್ಬರು ಎಳೆಯುತ್ತಾರೆ, ಆಟೋ ಬಾಗಿಲಿಗೆ, ಬಸ್ಸಿನ ಕಂಬಿಗೆ ಸಿಕ್ಕಿಸಿಕೊಳ್ಳುತ್ತಾರೆ. ಗಟ್ಟಿ ಪಟ್ಟಿಯನ್ನು ಮಗುವಿನ ಕತ್ತಿಗೆ ಹಾಕಿ ಕಳಿಸುವುದು ಅಪಾಯ. ಮಕ್ಕಳಿಗೆಂದೇ ಮಾರುವ ಸಾಮಾನಿನಲ್ಲಿ ಇಷ್ಟೂ ಯೋಚನೆ ಮಾಡಿಲ್ಲ ಎಂಬುದು ನನಗೆ ತುಂಬಾ ಬೇಸರ ತಂದಿತು.

ಕಾರ್ಡುಗಳ ವಿಷಯಕ್ಕೆ ಬಂದರೆ, ಎರಡೂ ಇಂಗ್ಲಿಷಿನಲ್ಲಿವೆ. ಒಂದರಲ್ಲಿ ಮಾಸ್ಕಿನಿಂದ ವಿನಾಯಿತಿ ಇದೆ ಎಂದಷ್ಟೇ ಬರೆದಿದೆ. ಇನ್ನೊಂದರಲ್ಲಿ ಕಾಯಿಲೆಗಳ ಪಟ್ಟಿ ಇದೆ, ಪಕ್ಕದಲ್ಲಿ ಚೌಕ. ಆಸ್ತಮಾ, ಆಟಿಸಂ, ಆತಂಕದ ತೊಂದರೆ, ಯಾವುದು ನಿಮ್ಮದೋ ಅದಕ್ಕೆ ಟಿಕ್ ಹಾಕಿ ಎದೆಗೆ ನೇತು ಹಾಕಿಕೊಳ್ಳಬೇಕಂತೆ. ಡಾಕ್ಟರ ಸಹಿಗೆ ಜಾಗವಿಲ್ಲ. ಕೊಳ್ಳುವಾಗ ನನ್ನನ್ನು ಯಾರೂ ಒಂದು ಕಾಗದ ಕೇಳಲಿಲ್ಲ. ದುಡ್ಡು ಕೊಟ್ಟ ಯಾರಿಗಾದರೂ ಇದು ಮನೆಗೆ ಬರುತ್ತದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದು ಮುಂದೆ ಗೊತ್ತಾಗುತ್ತದೆ.

ಇದನ್ನು ತರಿಸಬೇಕಾಗಿ ಬಂದದ್ದು ಶಾಲೆಯಿಂದಾಗಿ. ಸೆಪ್ಟೆಂಬರ್ 6ರಿಂದ ಆರನೇ ತರಗತಿಯಿಂದ ಎಂಟರವರೆಗೆ ಶಾಲೆ ತೆರೆಯಿತು. ಮಗಳು ಆಗ ಆರನೇ ತರಗತಿ, ಹನ್ನೆರಡು ವರ್ಷ. ಅವಳಿಗೆ ಆಟಿಸಂ ಎಂಬ ಬೆಳವಣಿಗೆಯ ತೊಂದರೆ ಇದೆ. ಕಿವಿ, ಮೂಗು, ಬಾಯಿ ಸುತ್ತ ಏನು ತಾಗಿದರೂ ತಡೆಯಲು ಆಗುವುದಿಲ್ಲ. ಅವಳ ಶರ್ಟಿನ ಲೇಬಲ್ ಎಲ್ಲ ಬಿಚ್ಚಿ ತೆಗೆಯುತ್ತೇನೆ. ಹೊಲಿಗೆ ಹೊರಗೆ ಬರುವ ಹಾಗೆ ಹೊಲಿದು ಕೊಡುತ್ತೇನೆ, ಇಲ್ಲದಿದ್ದರೆ ಮೈ ಕೆರೆದು ಗಾಯ ಮಾಡಿಕೊಳ್ಳುತ್ತಾಳೆ. ಮಾಸ್ಕ್ ವಿಷಯದಲ್ಲೂ ಗೊತ್ತಿರುವ ದಾರಿ ಎಲ್ಲ ಹಿಡಿದು ನೋಡಿದೆ. ಮಲ್‌ಮಲ್ ಬಟ್ಟೆಯಲ್ಲಿ ಹೊಲಿದೆ. ಅಮ್ಮನ ಹಳೆ ಸೀರೆಯಲ್ಲಿ ಹೊಲಿದೆ. ಕಿವಿಗೆ ಎಲಾಸ್ಟಿಕ್ ಬೇಡ ಅಂತ ಟೋಪಿಗೆ ಗುಂಡಿ ಹಚ್ಚಿ ಅದಕ್ಕೆ ಸಿಕ್ಕಿಸಿದೆ. ಮನೆಯಿಂದ ಗೇಟಿನವರೆಗೆ ಇಟ್ಟುಕೊಳ್ಳುತ್ತಾಳೆ. ಆಮೇಲೆ ಉಸಿರು ಜೋರಾಗುತ್ತದೆ, ಕೈ ಕಚ್ಚಿಕೊಳ್ಳುತ್ತಾಳೆ. ಅವಳನ್ನು ನೋಡುವ ಡಾಕ್ಟರು ಮಾಸ್ಕ್ ಬಲವಂತ ಮಾಡಬೇಡಿ ಎಂದು ಬರೆದುಕೊಟ್ಟರು.

ಆ ಪತ್ರವನ್ನು ಶಾಲೆಗೆ ಕೊಟ್ಟೆ. ತೆಗೆದುಕೊಂಡರು. ಆದರೆ ಅದೇ ವಾರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸೂಚನೆ ಬಂತು. ಮಾಸ್ಕ್ ಹಾಕದ ಮಕ್ಕಳು ವಿನಾಯಿತಿಯ ಗುರುತನ್ನು ಎಲ್ಲರಿಗೂ ಕಾಣುವ ಹಾಗೆ ಧರಿಸಿರಬೇಕು, ಇಲ್ಲದಿದ್ದರೆ ತರಗತಿಯೊಳಗೆ ಬಿಡುವುದಿಲ್ಲ. ಏನು ಧರಿಸಬೇಕು ಎಂದು ಕೇಳಿದೆ. ಯುಡಿಐಡಿ ಕಾರ್ಡಿನ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡಿನ, ಜೆರಾಕ್ಸ್ ಆದರೂ ಆಗುತ್ತದೆ ಅಂದರು.

ಯುಡಿಐಡಿ ಕಾರ್ಡ್ ನೋಡಿದವರಿಗೆ ಗೊತ್ತು. ಅದರ ಮೇಲೆ ಹೆಸರು, ಫೋಟೋ, ಅಂಗವೈಕಲ್ಯದ ಬಗೆ, ಶೇಕಡಾ ಎಷ್ಟು ಎಂಬುದು ಎಲ್ಲ ಇರುತ್ತದೆ. ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲಿದ್ದರೆ ನೀಲಿ. ದೂರದಿಂದ ಬಣ್ಣ ನೋಡಿದರೇ ಮಗುವಿನ ಸ್ಥಿತಿ ಎಷ್ಟು ಎಂದು ಗೊತ್ತಾಗುತ್ತದೆ. ಸವಲತ್ತು ಪಡೆಯಲು ಕಚೇರಿಯಲ್ಲಿ ತೋರಿಸುವ ಕಾರ್ಡ್ ಅದು. ಅದನ್ನು ಎದೆಗೆ ಹಾಕಿ ಮಗುವನ್ನು ಪ್ರಾರ್ಥನೆಗೆ ನಿಲ್ಲಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಅದಕ್ಕೇ ಈ ಸೆಟ್ ತರಿಸಿದ್ದು. ಕಾಯಿಲೆ ಹೆಸರಿಲ್ಲದ ಕಾರ್ಡನ್ನು ಮಾತ್ರ ಹಾಕಿದೆ. ಟ್ಯಾಗ್ ಕತ್ತಿಗೆ ತಾಗುತ್ತದೆ ಅಂತ ಅಳತೊಡಗಿದಾಗ ಪಿನ್ ಬ್ಯಾಡ್ಜ್ ಚುಚ್ಚಿದೆ. ಅದರ ಪಿನ್ನು ಸಡಿಲ, ಮಧ್ಯಾಹ್ನದೊಳಗೆ ಬಿಚ್ಚಿಕೊಂಡು ಅವಳ ಬೆರಳಿಗೆ ಚುಚ್ಚಿತ್ತು. ಮತ್ತೆ ಟ್ಯಾಗಿಗೇ ಬಂದೆವು. ಮುಖದ ಮೇಲೆ ಒಂದು ತುಂಡು ಬಟ್ಟೆ ತಾಳಲಾರದ ಮಗುವಿಗೆ, ಆ ಕಾರಣ ತೋರಿಸಲು ಕತ್ತಿಗೆ ಇನ್ನೊಂದು ಪಟ್ಟಿ ಕಟ್ಟಿ ದಿನವಿಡೀ ಇರು ಅನ್ನುವುದು ಹೇಗೆ ಸರಿ?

ತರಗತಿಯಲ್ಲಿ ಆದದ್ದು ಇನ್ನೂ ನೋವಿನದು. ಅವಳಿಗೆ ಅಕ್ಷರ ಅಂದರೆ ಇಷ್ಟ. ಬೋರ್ಡ್ ಕಂಡರೆ ಓದುತ್ತಾಳೆ. ಯಾರು ಹತ್ತಿರ ಬಂದರೂ ಕಾರ್ಡ್ ಎತ್ತಿ ಹಿಡಿದು ಜೋರಾಗಿ ಓದಿ ಹೇಳಲು ಶುರು ಮಾಡಿದಳು. ಮಕ್ಕಳು ಮತ್ತೆ ಮತ್ತೆ ಬಂದು ಓದಿಸಿದರು. "ಅವಳಿಗೆ ಏನೋ ಕಾಯಿಲೆ, ಅದಕ್ಕೇ ಬೋರ್ಡ್ ಹಾಕಿದ್ದಾರೆ" ಎಂದು ಒಂದು ಮಗು ಮನೆಗೆ ಹೋಗಿ ಹೇಳಿತು. ಮಾರನೇ ದಿನ ಗೇಟಿನ ಹತ್ತಿರ ಆ ಮಗುವಿನ ತಾಯಿ ನನ್ನ ಮಗಳ ಎದೆಯ ಮೇಲಿನ ಕಾರ್ಡನ್ನು ಬಗ್ಗಿ ಓದಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ನನ್ನನ್ನು ಒಂದು ಮಾತು ಕೇಳಲಿಲ್ಲ. ಅವರು ಕೆಟ್ಟವರು ಅನ್ನುತ್ತಿಲ್ಲ. ಅವರಿಗೂ ಹೆದರಿಕೆ. ಈ ವಯಸ್ಸಿನ ಮಕ್ಕಳಿಗೆ ಆಗ ಇನ್ನೂ ಲಸಿಕೆಯೂ ಇರಲಿಲ್ಲ ಅಲ್ವಾ. ಆದರೆ ಎದೆಯ ಮೇಲೆ ಬರೆದು ನೇತು ಹಾಕಿದರೆ ಓದಬಹುದು ಅಂತಲೇ ಅರ್ಥ. ಆಮೇಲೆ ಮಗಳ ಡೆಸ್ಕಿನಲ್ಲಿ ಕೂರುತ್ತಿದ್ದ ಹುಡುಗಿಯ ಜಾಗ ಬದಲಾಯಿತು.

ನಾನು ಹೋಗಿ ಮುಖ್ಯೋಪಾಧ್ಯಾಯಿನಿಯವರನ್ನು ಕಂಡೆ. ಅವರು ಸಿಟ್ಟಾಗಲಿಲ್ಲ, ಕೂರಿಸಿ ಮಾತಾಡಿದರು. "ನನ್ನ ಕಷ್ಟವನ್ನೂ ಕೇಳಿ ಅಮ್ಮ. ಒಬ್ಬರು ಮಾಸ್ಕ್ ತೆಗೆದರೆ ಇಡೀ ತರಗತಿ ತೆಗೆಯುತ್ತದೆ. ಒಂದೊಂದು ಪೀರಿಯಡ್‌ಗೆ ಒಬ್ಬೊಬ್ಬ ಟೀಚರ್ ಬರುತ್ತಾರೆ, ಗೇಟಿನಲ್ಲಿ ವಾಚ್‌ಮ್ಯಾನ್ ಬದಲಾಗುತ್ತಾನೆ. ಯಾರಿಗೆ ವಿನಾಯಿತಿ ಇದೆ, ಯಾರು ಸುಮ್ನೆ ಹೇಳುತ್ತಿದ್ದಾರೆ ಅಂತ ಹೇಗೆ ಗೊತ್ತಾಗಬೇಕು?" ಅಂದರು. ಇದು ನ್ಯಾಯವಾದ ಪ್ರಶ್ನೆ. ಡಾಕ್ಟರ ಪತ್ರವೇ ಇಲ್ಲದೆ ನಮ್ಮ ಮಗನಿಗೂ ಆಗಲ್ಲ ಅಂತ ಬಂದವರಿದ್ದಾರಂತೆ. ಸಾಕ್ಷಿ ಕೇಳುವುದು ತಪ್ಪಲ್ಲ. ನಾನೂ ಕೇಳಬೇಕು ಅನ್ನುತ್ತೇನೆ. ಯಾರೂ ಕೇಳದಿದ್ದರೆ ನಿಜವಾಗಿ ಕಷ್ಟ ಇರುವ ಮಗುವಿನ ಮಾತನ್ನೂ ಯಾರೂ ನಂಬುವುದಿಲ್ಲ.

ಆದರೆ ಅವರು ಕೇಳಿದ ಪ್ರಶ್ನೆಗೆ ಈ ಬ್ಯಾಡ್ಜ್ ಉತ್ತರವೇ ಅಲ್ಲ. ಮೇಲೆ ಹೇಳಿದೆನಲ್ಲ, ಇದನ್ನು ಯಾರು ಬೇಕಾದರೂ ಕೊಳ್ಳಬಹುದು. ಸುಳ್ಳು ಹೇಳುವವರನ್ನು ಹಿಡಿಯಲು ಇದನ್ನು ಕೇಳಿದರೆ, ಅವರು ದುಡ್ಡು ಕೊಟ್ಟು ತರಿಸಿ ಹಾಕಿಕೊಂಡು ಬರುತ್ತಾರೆ. ನಿಜವಾದ ಸಾಕ್ಷಿ ಡಾಕ್ಟರ ಪತ್ರ. ಅದು ಆಗಲೇ ಶಾಲೆಯ ಕಚೇರಿಯಲ್ಲಿದೆ. ಅಲ್ಲಿರುವ ಪತ್ರವನ್ನು ನೋಡಿ, ಯಾವ ಟೀಚರ್‌ಗಳಿಗೆ ಗೊತ್ತಿರಬೇಕೋ ಅವರಿಗೆ ಹೇಳುವುದು ದೊಡ್ಡವರ ಕೆಲಸ. ಆ ಕೆಲಸವನ್ನು ಹನ್ನೆರಡು ವರ್ಷದ ಹುಡುಗಿಯ ಕತ್ತಿಗೆ ಕಟ್ಟಿದ್ದಾರೆ. ಅಲರ್ಜಿ ಇರುವ ಮಗುವಿನ ಹೆಸರು ಬಿಸಿಯೂಟದವರಿಗೆ ಗೊತ್ತಿದ್ದರೆ ಸಾಕು, ಮಗುವಿನ ಹಣೆ ಮೇಲೆ ಬರೆಯುವುದಿಲ್ಲ.

ಟ್ಯಾಗಿನ ಮೇಲಿನ ಹಳದಿ ಹೂವಿನ ಬಗ್ಗೆಯೂ ತಿಳಿದುಕೊಂಡೆ. ಇದು ಸೂರ್ಯಕಾಂತಿಯ ನಕಲು. ಕಣ್ಣಿಗೆ ಕಾಣದ ಅಂಗವೈಕಲ್ಯ ಇರುವವರಿಗಾಗಿ 2016ರಲ್ಲಿ ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಸೂರ್ಯಕಾಂತಿ ಚಿತ್ರದ ಹಸಿರು ಪಟ್ಟಿ ಶುರುವಾಯಿತು. ಸ್ವಲ್ಪ ಸಮಯ ಕೊಡಿ, ಸಹಾಯ ಬೇಕಾಗಬಹುದು ಎಂದು ಸಿಬ್ಬಂದಿಗೆ ತಿಳಿಸಲು. ಹಾಕಿಕೊಳ್ಳುವುದು ಬಿಡುವುದು ಅವರವರ ಇಷ್ಟ. ಇದು ಮುಖ್ಯ. ಕೊರೊನಾ ಬಂದ ಮೇಲೆ ಅಲ್ಲಿ ಮಾಸ್ಕ್ ವಿನಾಯಿತಿ ತೋರಿಸಲೂ ಜನ ಅದನ್ನು ಬಳಸಿದರು. ಇಂಗ್ಲೆಂಡಿನ ಸರ್ಕಾರ ಫೋನಿನಲ್ಲಿ ತೋರಿಸುವ, ಮುದ್ರಿಸಿಕೊಳ್ಳುವ ಕಾರ್ಡನ್ನು ತನ್ನ ವೆಬ್‌ಸೈಟಿನಲ್ಲೇ ಹಾಕಿತು. ಆದರೆ ಅದನ್ನು ಇಟ್ಟುಕೊಳ್ಳಲೇಬೇಕು, ತೋರಿಸಲೇಬೇಕು ಎಂದು ಹೇಳಲಿಲ್ಲ. 2021ರ ಮಾರ್ಚ್ 8ರಂದು ಅಲ್ಲಿ ಶಾಲೆಗಳು ತೆರೆದಾಗಲೂ, ಮಾಸ್ಕ್ ಹಾಕಿಲ್ಲ ಎಂಬ ಕಾರಣಕ್ಕೆ ಮಗುವಿಗೆ ಪಾಠ ತಪ್ಪಿಸಬಾರದು ಎಂದೇ ಶಿಕ್ಷಣ ಇಲಾಖೆ ತಿಳಿಸಿತ್ತು. ಅಲ್ಲಿ ಬೇಕಾದವರು ಹಾಕಿಕೊಳ್ಳಲಿ ಎಂದು ಹುಟ್ಟಿದ ವಸ್ತು ಇಲ್ಲಿಗೆ ಬರುವಾಗ ಕಡ್ಡಾಯವಾಯಿತು.

ನಮ್ಮಲ್ಲೂ ನಿಯಮ ಏನು ಅಂತ ಓದಿದೆ. 2021ರ ಜೂನ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಮಕ್ಕಳಿಗಾಗಿ ಮಾರ್ಗಸೂಚಿ ಕೊಟ್ಟಿತ್ತು. ಐದು ವರ್ಷದವರೆಗೆ ಮಾಸ್ಕ್ ಬೇಡ. ಆರರಿಂದ ಹನ್ನೊಂದು ವರ್ಷದವರು, ಸರಿಯಾಗಿ ಹಾಕಿಕೊಳ್ಳಲು ಬಂದರೆ, ದೊಡ್ಡವರ ನಿಗಾದಲ್ಲಿ ಹಾಕಬಹುದು. ಹನ್ನೆರಡು ತುಂಬಿದವರಿಗೆ ಈ ರಿಯಾಯಿತಿ ಇರಲಿಲ್ಲ. ನಮ್ಮವಳಿಗೆ ಹನ್ನೆರಡು ತುಂಬಿದ್ದರಿಂದ ಶಾಲೆಯವರು ಇದನ್ನೇ ಹಿಡಿದರು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರ ಆಗಸ್ಟಿನಲ್ಲೇ ಇನ್ನೊಂದು ಮಾತು ಹೇಳಿವೆ. ಬೆಳವಣಿಗೆಯ ತೊಂದರೆ ಅಥವಾ ಅಂಗವೈಕಲ್ಯ ಇರುವ ಮಕ್ಕಳಿಗೆ ಯಾವ ವಯಸ್ಸಿನಲ್ಲೂ ಮಾಸ್ಕ್ ಕಡ್ಡಾಯ ಮಾಡಬಾರದು, ಒಂದೊಂದು ಮಗುವನ್ನೂ ನೋಡಿ ತೀರ್ಮಾನಿಸಬೇಕು. ಇನ್ನು ನಮ್ಮದೇ ಕಾನೂನು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. 21 ಬಗೆಯ ಅಂಗವೈಕಲ್ಯ ಅದರಲ್ಲಿದೆ, ಆಟಿಸಂ ಕೂಡ. ಶಾಲೆಗಳು ಭೇದ ಮಾಡದೆ ಸೇರಿಸಿಕೊಳ್ಳಬೇಕು, ಮಗುವಿಗೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಎಂದು ಅದರ 16ನೇ ಸೆಕ್ಷನ್ ಹೇಳುತ್ತದೆ. ಇದನ್ನೆಲ್ಲ ಪ್ರಿಂಟ್ ತೆಗೆಸಿ ಮೇಡಂ ಮುಂದೆ ಇಟ್ಟೆ.

ಸೆಟ್ ಎಲ್ಲೂ ಉಪಯೋಗಕ್ಕೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಸ್ಸಿನಲ್ಲಿ ತುಂಬಾ ಒಳ್ಳೆಯದಾಯಿತು. ಅಜ್ಜಿ ಮನೆ ತೀರ್ಥಹಳ್ಳಿ ಕಡೆ. ಗಾಜನೂರು, ಮಂಡಗದ್ದೆ ದಾಟಿ ಹೋಗುವ ಆ ದಾರಿಯಲ್ಲಿ ಬಸ್ಸು ತುಂಬಿರುತ್ತದೆ. ಮಾಸ್ಕ್ ಇಲ್ಲದ ಹುಡುಗಿಯನ್ನು ನೋಡಿ ಎಲ್ಲರೂ ನನ್ನನ್ನು ಬೈಯುತ್ತಿದ್ದರು. ಪ್ರತಿಯೊಬ್ಬರಿಗೂ ಆಟಿಸಂ ಎಂದರೇನು ಅಂತ ವಿವರಿಸುವಷ್ಟರಲ್ಲಿ ಅವಳು ಗದ್ದಲಕ್ಕೆ ಹೆದರಿ ಕಿವಿ ಮುಚ್ಚಿಕೊಂಡು ಕೂರುತ್ತಿದ್ದಳು. ಇಂಗ್ಲಿಷ್ ಕಾರ್ಡ್ ಕಂಡಕ್ಟರಿಗೆ ಅರ್ಥವಾಗಲಿಲ್ಲ. ಅದರ ಮೇಲೆ ನಾನೇ ಬಿಳಿ ಕಾಗದ ಅಂಟಿಸಿ, "ಈ ಮಗುವಿಗೆ ಮಾಸ್ಕ್ ಹಾಕಬಾರದೆಂದು ಡಾಕ್ಟರು ಹೇಳಿದ್ದಾರೆ" ಎಂದು ಕನ್ನಡದಲ್ಲಿ ಬರೆದೆ. ಮುಂದಿನ ಸಲ ಕಂಡಕ್ಟರು ಓದಿ, "ಆಯ್ತಮ್ಮ, ಪಾಪೂನ ಕಿಟಕಿ ಪಕ್ಕ ಕೂರಿಸ್ಕೊಳ್ಳಿ" ಅಂದು ಮುಂದೆ ಹೋದರು. ಆಗ ಮಾಸ್ಕ್ ಇಲ್ಲದಿದ್ದರೆ ದಂಡದ ಭಯವೂ ಇತ್ತು ನೋಡಿ. ಶಿವಮೊಗ್ಗದಂಥ ಮಹಾನಗರ ಪಾಲಿಕೆಯಲ್ಲಿ 250 ರೂಪಾಯಿ, ಊರ ಕಡೆ 100. ಕೇಳುವವರಿಗೆ ತೋರಿಸಲು ಒಂದು ಚೀಟಿ ಇದ್ದರೆ ಮಾತು ಬೇಗ ಮುಗಿಯುತ್ತಿತ್ತು.

ಬಸ್ಸಿನವರು ಅಪರಿಚಿತರು, ಅವರಿಗೆ ತಿಳಿಯಲು ಬೇರೆ ದಾರಿ ಇಲ್ಲ. ಇಳಿದ ಮೇಲೆ ಕಾರ್ಡ್ ಚೀಲಕ್ಕೆ ಹೋಗುತ್ತದೆ. ಶಾಲೆಯವರು ಹಾಗಲ್ಲ. ವರ್ಷಪೂರ್ತಿ ಮಗುವನ್ನು ನೋಡುವವರು, ಹೆಸರು ಹಿಡಿದು ಕರೆಯುವವರು.

ಕೊನೆಗೆ ದಾರಿ ಸಿಕ್ಕಿದ್ದು ದುರ್ಗಿಗುಡಿಯ ಒಂದು ಐಡಿ ಕಾರ್ಡ್ ಪ್ರಿಂಟ್ ಮಾಡುವ ಅಂಗಡಿಯಲ್ಲಿ. ಎಲ್ಲ ಮಕ್ಕಳ ಕೊರಳಲ್ಲೂ ಶಾಲೆಯ ಐಡಿ ಕಾರ್ಡ್ ಇದ್ದೇ ಇರುತ್ತದೆ. ಅದರ ಹಿಂಭಾಗದಲ್ಲಿ ವಿಳಾಸದ ಕೆಳಗೆ ಒಂದು ಸಾಲು ಸೇರಿಸಿಕೊಡಿ ಎಂದು ಕೇಳಿದೆ. "ಶಾಲೆ ಲಾಂಛನ ಇರುವ ಕಾರ್ಡ್ ಅಕ್ಕ, ಅವರ ಪತ್ರ ತಂದರೆ ಮಾತ್ರ ಮಾಡುತ್ತೇನೆ" ಎಂದು ಅಂಗಡಿಯ ಹುಡುಗ ಖಡಾಖಂಡಿತವಾಗಿ ಹೇಳಿದ. ನನಗೆ ಅದು ಬಹಳ ಹಿಡಿಸಿತು. ಆನ್‌ಲೈನ್ ಮಾರಾಟಗಾರರು ಕೇಳದ ಸಾಕ್ಷಿಯನ್ನು ಇವನು ಕೇಳಿದ. ಮೇಡಂ ಯೋಚಿಸಿ ಪತ್ರ ಕೊಟ್ಟರು. ಹಿಂಭಾಗದಲ್ಲಿ ಈಗ "ಮಾಸ್ಕ್ ವಿನಾಯಿತಿ ಇದೆ. ವಿವರಕ್ಕೆ ಶಾಲಾ ಕಚೇರಿ" ಎಂದಷ್ಟೇ ಇದೆ. ಕಾಯಿಲೆ ಹೆಸರಿಲ್ಲ. ಹೊಸ ಟೀಚರಿಗೋ ವಾಚ್‌ಮ್ಯಾನಿಗೋ ಅನುಮಾನ ಬಂದರೆ ತಿರುಗಿಸಿ ನೋಡಬಹುದು. ಮುಂದಿನಿಂದ ನೋಡಿದರೆ ಎಲ್ಲ ಮಕ್ಕಳ ಕಾರ್ಡಿನ ಹಾಗೆಯೇ ಇದೆ. 80 ರೂಪಾಯಿ ತೆಗೆದುಕೊಂಡ. ಪಿವಿಸಿ ಕಾರ್ಡು, ಮೂಲೆಗಳನ್ನು ದುಂಡಗೆ ಕತ್ತರಿಸಿದ್ದಾನೆ, ಅಕ್ಷರ ಸ್ವಚ್ಛವಾಗಿದೆ, ನೀರು ಬಿದ್ದರೂ ಏನೂ ಆಗಿಲ್ಲ. ಟ್ಯಾಗ್ ನಾನೇ ಹೊಲಿದೆ. ಮಲ್‌ಮಲ್ ಬಟ್ಟೆಯನ್ನು ಕೊಳವೆ ಥರ ಹೊಲಿದು ಮಗುಚಿ, ಹಿಂದೆ ಟಿಚ್ ಬಟನ್ ಹಾಕಿದೆ. ಎಳೆದರೆ ಬಿಟ್ಟುಕೊಳ್ಳುತ್ತದೆ. ಅವಳು ಅದನ್ನು ಕಿತ್ತು ಹಾಕುವುದಿಲ್ಲ.

ಕ್ಲಾಸ್ ಟೀಚರ್ ಒಂದು ಕೆಲಸ ಮಾಡಿದರು, ಅದಕ್ಕೆ ನಾನು ಯಾವಾಗಲೂ ಋಣಿ. ಮಕ್ಕಳಿಗೆ ನೇರವಾಗಿ ಹೇಳಿದರು. ಇವಳಿಗೆ ಮಾಸ್ಕ್ ಆಗುವುದಿಲ್ಲ, ಡಾಕ್ಟರು ಹೇಳಿದ್ದಾರೆ. ಅದಕ್ಕೆ ಕಿಟಕಿ ಪಕ್ಕ ಕೂರುತ್ತಾಳೆ. ನೀವು ಸರಿಯಾಗಿ ಹಾಕಿಕೊಂಡರೆ ಅವಳಿಗೂ ಒಳ್ಳೆಯದು. ಇಷ್ಟು ಸಾಕಾಯಿತು. ಯಾರೂ ಮಾಸ್ಕ್ ಕಿತ್ತೆಸೆಯಲಿಲ್ಲ. ಕೆಲವು ಮಕ್ಕಳು ಆಮೇಲೆ ಅವಳ ಹತ್ತಿರ ಬರುವಾಗ ಮೂಗಿನ ಮೇಲಕ್ಕೆ ಎಳೆದುಕೊಂಡು ಬರುತ್ತಿದ್ದರಂತೆ. 2021ರ ಡಿಸೆಂಬರ್ 2ರಂದು ಬೆಂಗಳೂರಿನಲ್ಲಿ ಕೊರೊನಾದ ಹೊಸ ತಳಿ ಒಮಿಕ್ರಾನ್‌ನ ಎರಡು ಕೇಸು ಸಿಕ್ಕಿದ ಸುದ್ದಿ ಬಂದಾಗ, ಮತ್ತೆ ಬ್ಯಾಡ್ಜ್ ಕೇಳುತ್ತಾರೇನೋ ಎಂದು ನನಗೆ ನಿದ್ದೆ ಬರಲಿಲ್ಲ. ಸೂಚನೆಯೇನೋ ಬಂತು, ಮಾಸ್ಕ್ ನಿಯಮ ಬಿಗಿ ಮಾಡುತ್ತೇವೆ ಅಂತ. ಬ್ಯಾಡ್ಜಿನ ಸಾಲು ಅದರಲ್ಲಿರಲಿಲ್ಲ. ಬೇರೆ ತರಗತಿಗಳಲ್ಲಿ ಆಗಲೂ ಕೆಲವು ಮಕ್ಕಳು ಟ್ಯಾಗ್ ಹಾಕಿಕೊಂಡೇ ಬರುತ್ತಿದ್ದರು. ಅವರ ತಾಯಂದಿರ ಜೊತೆ ಮಾತಾಡಿದೆ. ಮುಂದಿನ ಪೋಷಕರ ಸಭೆಯಲ್ಲಿ ಎಲ್ಲರಿಗೂ ಐಡಿ ಕಾರ್ಡಿನ ದಾರಿಯನ್ನೇ ಕೇಳಬೇಕು ಎಂದುಕೊಂಡೆವು.

ಸೆಟ್‌ಗೆ ನಾನು ಐದರಲ್ಲಿ ಎರಡು ಸ್ಟಾರ್ ಕೊಡುತ್ತೇನೆ. ಆ ಎರಡೂ ಬಸ್ಸಿನಲ್ಲಿ ಆದ ಉಪಕಾರಕ್ಕೆ. ಕೊಳ್ಳುವುದಾದರೆ ಬಸ್ಸು, ಆಸ್ಪತ್ರೆ, ಸಂತೆಗೆ ಹೋಗುವಾಗ ಮಾತ್ರ ಬಳಸಿ. ಪಟ್ಟಿಯನ್ನು ಹಿಂದೆ ಕತ್ತರಿಸಿ ಟಿಚ್ ಬಟನ್ ಹಾಕಿಸಿ, ಯಾವ ಟೈಲರ್ ಆದರೂ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಕಾಯಿಲೆಗಳ ಪಟ್ಟಿ ಇರುವ ಕಾರ್ಡನ್ನು ಹರಿದು ಹಾಕಿ. ಪಿನ್ ಬ್ಯಾಡ್ಜನ್ನು ಮಗುವಿನ ಕೈಗೆ ಸಿಗದಂತೆ ಎತ್ತಿಡಿ. ಡಾಕ್ಟರ ಪತ್ರದ ಒಂದು ಪ್ರತಿ ಶಾಲೆಗೆ ಕೊಟ್ಟು, ತಲುಪಿದೆ ಎಂದು ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಶಾಲೆಯವರು ಕಾಣುವ ಹಾಗೆ ಹಾಕಿ ಎಂದರೆ, ಆ ಸೀಲಿರುವ ಪ್ರತಿ ಹಿಡಿದುಕೊಂಡು ನೀವೇ ಹೋಗಿ ಮಾತಾಡಿ.